ಕೊನೆಯ ಗಂಟು
ಜೋರಾಪುರ ಪೇಟೆಯ ಕಂಬಳಿ ವ್ಯಾಪಾರಿ ಶಂಕರೆಪ್ಪನಿಗೆ ಕಾಗದ ಕಂಡರಾಗದು. ಅಂಚಿಗೆ ಎಷ್ಟು ಪಟ್ಟೆ ಎಂಬುದನ್ನು ದಾರದಲ್ಲಿ ಗಂಟು ಹಾಕಿಯೇ ನೇಕಾರರಿಗೆ ಕಳಿಸುತ್ತಾನೆ, ಗಂಟಿಗೊಂದು ಪಟ್ಟೆ. ಅದೇ ದಾರ ನೋಡಿ ಟಿಕೋಟಾದ ಬೀರಣ್ಣ ಒಂದು, ಬಬಲೇಶ್ವರದ ಅಮೋಗೆಪ್ಪ ಒಂದು ನೇಯ್ದರೆ ಜೋಡಿಯಾಯಿತು. ಎರಡನ್ನೂ ಶಂಕರೆಪ್ಪ ನೆಲಕ್ಕೆ ಹಾಸಿ, ಮೊಣಕಾಲೂರಿ, ಪಟ್ಟೆಯಿಂದ ಪಟ್ಟೆಗೆ ಬೆರಳು ಸರಿಸುತ್ತಾನೆ. ಪಟ್ಟೆ ಹೊಂದದೆ ಬೆರಳು ನಿಂತಲ್ಲಿ ಬಾಯಿ ಸುರುವಾಗುತ್ತದೆ. ಬೀದಿಯ ನಾಯಿಗಳೂ ಎದ್ದು ಹೋಗುತ್ತವೆ. “ಬೀರಣ್ಣಗ ಒಂಬತ್ತ ಕಂಡಾವ, ನಿನಗ ಹತ್ತ ಹೆಂಗ ಕಂಡುವಲೇ? ನಿನಗಿನ್ನ ಉಣ್ಣಿ ಕೊಡಾಂಗಿಲ್ಲ!” ಎಂದು ಮೊನ್ನೆ ಹೊಸಬ ಅಮೋಗೆಪ್ಪನ ಮೇಲೆ ಹಾರಾಡಿದ. ಮಗ್ಗ ಬಿಟ್ಟರೆ ಬೇರೆ ಗತಿಯಿಲ್ಲದ ಅಮೋಗೆಪ್ಪ, “ದಾರದಾಗ ಇದ್ದಷ್ಟ ನೇಯ್ದೀನ್ರಿ ಯಪ್ಪಾ, ನೀವ ಎಣಿಸ್ರಿ,” ಎಂದು ದಾರ ಚಾಚಿದ. ಶಂಕರೆಪ್ಪ ಎಣಿಸಿದ. ಹತ್ತು. ಕೊನೆಯದು ದಾರದ ತುದಿ ಬಿಚ್ಚಿಕೊಳ್ಳಬಾರದೆಂದು ತಾನೇ ಹಾಕಿದ ಗಂಟು. ಅದು ಪಟ್ಟೆಯಲ್ಲವೆಂದು ಹಳಬ ಬೀರಣ್ಣನಿಗೆ ಗೊತ್ತು, ಹೊಸಬನಿಗೆ ಯಾರೂ ಹೇಳಿರಲಿಲ್ಲ. “ತಗೊಂಡ ಹೋಗಲೇ, ತಲಿ ತಿನಬ್ಯಾಡ,” ಎಂದು ಉಣ್ಣೆಯ ಮೂಟೆಯನ್ನು ಅವನತ್ತ ಒದ್ದ. ಜೋಡಿ ತಪ್ಪಿದ ಕಂಬಳಿಯನ್ನು ಶಂಕರೆಪ್ಪ ತಾನೇ ಬಿಸಿಲಲ್ಲೇ ಹೊದ್ದುಕೊಂಡು ಮನೆಗೆ ಹೋದ. ಹೆಂಡತಿ ಭೀಮಾಬಾಯಿ ಬಾಗಿಲಲ್ಲೇ ಅದನ್ನು ತೆಗೆದುಕೊಂಡು, “ಇದ ಹನ್ನೊಂದನೇದ್ರಿ,” ಎಂದು ಹಿಂದೆ ಹೀಗೇ ಜೋಡಿ ತಪ್ಪಿ ಮನೆಗೆ ಬಂದ ಹತ್ತರ ಮೇಲೆ ಮಡಚಿಟ್ಟಳು.