ಆನೆ ಸುದ್ದಿಯಾದ ಮೇಲೆ

ಕಳೆದ ಶ್ರಾವಣದ ಒಂದು ಸೋಮವಾರ, ಬೆಳಕು ಹರಿಯುವ ಮುನ್ನ, ಕನಕಪುರ ತಾಲ್ಲೂಕಿನ ಕಾಡಂಚಿನ ಊರೊಂದರಲ್ಲಿ ಆನೆ ಅಟ್ಟಿಸಿಕೊಂಡು ಬಂದು ಹೆಂಗಸೊಬ್ಬಳು ಕಂದಕಕ್ಕೆ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಅವಳ ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಆನೆಗಳಿವೆ ಎಂಬುದು ನಮ್ಮ ಸಮುದಾಯ ಬಾನುಲಿ ಕೇಂದ್ರಕ್ಕೆ ಮೊದಲೇ ಗೊತ್ತಿತ್ತು. ಆ ಹೊತ್ತಿನಲ್ಲಿ ಕೇಂದ್ರದಿಂದ ಪ್ರಸಾರವಾಗುತ್ತಿದ್ದುದು ಆಡಳಿತ ಸಮಿತಿಯ ಅಧ್ಯಕ್ಷರ ಭಾಷಣ. ವಿಷಯ: ಆನೆ ಮತ್ತು ಮಾನವನ ಸಹಬಾಳ್ವೆ.

ಪತ್ರಿಕೆಯ ಕೆಲಸ ಬಿಟ್ಟ ಮೇಲೆ ನಾನು ಆ ಕೇಂದ್ರದಲ್ಲಿ ಕಾರ್ಯಕ್ರಮ ಸಲಹೆಗಾರನಾಗಿದ್ದೆ. ಅಧಿಕಾರವಿರಲಿಲ್ಲ, ಸಭೆಯಲ್ಲಿ ಒಂದು ಕುರ್ಚಿ ಇತ್ತು. ಕೇಂದ್ರವೆಂದರೆ ಟ್ರಸ್ಟೊಂದರ ಕಾಲೇಜಿನ ಮಹಡಿಯ ಮೇಲಿನ ಎರಡು ಕೋಣೆ. ಟ್ರಸ್ಟಿಗಳಿಗೆ ಹುಟ್ಟುಹಬ್ಬದ ಶುಭಾಶಯ, ಕಾಲೇಜಿನ ಪ್ರವೇಶಾತಿ ಪ್ರಕಟಣೆ, ಹಲ್ಲುಜ್ಜುವ ವಿಧಾನ, ಇವುಗಳಲ್ಲೇ ದಿನ ಮುಗಿಯುತ್ತಿತ್ತು. ಜನ ನಿಜವಾಗಿ ಕೇಳುತ್ತಿದ್ದುದು ಒಂದನ್ನೇ, ಬೆಳಗಿನ ಆನೆ ಮಾತು.

ಕಾಡಂಚು ಕಾಯುವ ಅರಣ್ಯ ಇಲಾಖೆಯ ವಾಚರ್ ನಸುಕಿನಲ್ಲಿ ಕೇಂದ್ರಕ್ಕೆ ಫೋನ್ ಮಾಡಿ ಆನೆ ಎಲ್ಲಿದೆ ಎಂದು ತಿಳಿಸುತ್ತಿದ್ದ. ಉದ್ಘೋಷಕಿ ಕನಕಪುರದ ರೇಷ್ಮೆ ನೂಲು ತೆಗೆಯುವವರ ಮನೆಯ ಹುಡುಗಿ. ಹಾಡು ನಿಲ್ಲಿಸಿ ಅವಳು ಹೇಳುತ್ತಿದ್ದಳು: "ಕೇಳ್ರಪ್ಪೋ, ಆನೆ ಇನ್ನೂ ಕೆರೆ ಏರಿ ಮ್ಯಾಲೇ ಅವೆ. ಸೊಪ್ಪಿಗೆ ಹೋಗೋರು ಒಸಿ ತಡ್ಕೊಳಿ, ಹುಳ ಏನು ಓಡೋಗಲ್ಲ."

ಕಾಲು ಮುರಿದುಕೊಂಡ ಹೆಂಗಸು ರೇಷ್ಮೆ ಹುಳ ಸಾಕುವವಳು. ಗೂಡು ಕಟ್ಟುವ ಮುಂಚಿನ ವಾರ ಹುಳ ಹಗಲು ರಾತ್ರಿ ತಿನ್ನುತ್ತವೆ, ಸೊಪ್ಪನ್ನು ತಂಪು ಹೊತ್ತಿನಲ್ಲೇ ಕೊಯ್ಯಬೇಕು. ಹುಳುಮನೆಯ ಬಾಗಿಲಲ್ಲಿ ಮೊಳೆಗೆ ರೇಡಿಯೊ ನೇತುಹಾಕಿದ್ದಳು. ಆನೆ ಮಾತು ಬಂದರೆ ಕಾಯುವುದು, ಬರೀ ಹಾಡು ಬಂದರೆ ಕುಡುಗೋಲು ಎತ್ತಿಕೊಂಡು ಹೊರಡುವುದು. ಆ ಊರುಗಳೆಲ್ಲ ಹೀಗೇ ನಡೆಯುತ್ತಿದ್ದವು. ಆನೆ ಮಾತು ಬಾರದಿದ್ದರೆ ದಾರಿ ತೆರವಾಗಿದೆ ಎಂದು ಅರ್ಥ.

ಆಷಾಢದ ಸಭೆಗೆ ಅಧ್ಯಕ್ಷರು ಬೆಂಗಳೂರಿನಿಂದ ಕಾರಿನಲ್ಲಿ ಬಂದರು. ನಿವೃತ್ತ ಪ್ರಾಂಶುಪಾಲರು. ಬಾನುಲಿಯಲ್ಲಿ ತಮ್ಮ ಧ್ವನಿ ಬಿಟ್ಟು ಬೇರೇನನ್ನೂ ಕೇಳಿದವರಲ್ಲ.

"ಆನೆ ಬಂದಿದೆ ಅನ್ನೋದು ಸುದ್ದಿ ಅಲ್ವೇನ್ರೀ?" ಎಂದರು. "ಸಮುದಾಯ ಬಾನುಲಿ ಸುದ್ದಿ ಹಾಕೋ ಹಾಗಿಲ್ಲ. ಲೈಸೆನ್ಸ್ ಹೋಗುತ್ತೆ."

ವಿಪತ್ತಿನ ಮಾಹಿತಿಗೆ ಆ ನಿರ್ಬಂಧವಿಲ್ಲ ಎಂದು ನಾನು ನಿಯಮವನ್ನೇ ಓದಿ ಹೇಳಿದೆ.

"ವಿಪತ್ತು ಅಂದ್ರೆ ಪ್ರವಾಹ, ಭೂಕಂಪ. ಆನೆ ಪ್ರಾಣಿ."

ಕಲ್ಲುಕ್ವಾರಿ ನಡೆಸುವ ಸದಸ್ಯರೊಬ್ಬರು, "ಆನೆ ಏನು ಯಾವ ಪಾರ್ಟೀದೂ ಅಲ್ವಲ್ಲ ಸಾ, ಬುಡಿ ಅತ್ಲಾಗೆ" ಎಂದರು. ಅಧ್ಯಕ್ಷರು ಕನ್ನಡಕ ತೆಗೆದು ನೋಡಿದ ಮೇಲೆ ಅವರೂ ಕೈ ಎತ್ತಿದರು. ವಾಚರ್ ಕೊಡುವ ಮಾಹಿತಿಯನ್ನು ಧ್ವನಿಮುದ್ರಿಸಿ, ಅಧ್ಯಕ್ಷರ ಒಪ್ಪಿಗೆ ಪಡೆದು, ವಾರಕ್ಕೊಮ್ಮೆ, ಭಾನುವಾರ, ಜಾಗೃತಿ ಕಾರ್ಯಕ್ರಮವಾಗಿ ಪ್ರಸಾರ ಮಾಡುವುದೆಂದು ತೀರ್ಮಾನವಾಯಿತು. ಸೋಮವಾರದ ಆನೆ ಭಾನುವಾರ ಬರುತ್ತದೆ ಎಂಬುದು ಕೈ ಎತ್ತಿದ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಬಾದಾಮಿ ಹಾಲು ಬಂತು, ಕುಡಿದರು.

ನಿಲ್ಲಿಸಿದ್ದನ್ನಾದರೂ ಕೇಳುಗರಿಗೆ ತಿಳಿಸೋಣ ಎಂದೆ.

"ಅದೂ ಸುದ್ದೀನೇ ಆಗುತ್ತಲ್ರೀ" ಎಂದರು ಅಧ್ಯಕ್ಷರು. ಇಬ್ಬರು ನಕ್ಕರು. ಅವರು ತಮಾಷೆಗೆ ಹೇಳಿದ್ದಲ್ಲ.

ನನಗೆ ತಿಳಿದ ಎರಡು ಊರುಗಳ ಹಾಲಿನ ಡೈರಿಗಳಿಗೆ ಫೋನ್ ಮಾಡಿ, ಆನೆ ಮಾತು ನಿಂತಿದೆ, ಊರವರಿಗೆ ತಿಳಿಸಿ ಎಂದೆ. ಆ ಹೆಂಗಸಿನ ಊರು ಅವುಗಳಲ್ಲಿ ಇರಲಿಲ್ಲ.

ಶ್ರಾವಣದ ಆ ಸೋಮವಾರ ನಸುಕಿನಲ್ಲಿ ವಾಚರ್ ಎಂದಿನಂತೆ ಫೋನ್ ಮಾಡಿದ. ಅದನ್ನು ಆಗಲೇ ಪ್ರಸಾರ ಮಾಡಲು ಒಪ್ಪಿಗೆ ಕೇಳಿ ಉದ್ಘೋಷಕಿ ಅಧ್ಯಕ್ಷರಿಗೆ ಕರೆ ಮಾಡಿದಳು. ಪ್ರಾಣಾಯಾಮದ ಹೊತ್ತು, ಫೋನ್ ಆಫ್. ಅಂದಿನ ಪ್ರಸಾರ ಮೊದಲೇ ಕಂಪ್ಯೂಟರಿಗೆ ಸೇರಿತ್ತು, ಅದರ ಪಾಸ್‌ವರ್ಡ್ ಇದ್ದದ್ದೂ ಅಧ್ಯಕ್ಷರ ಬಳಿಯೇ. ಹಾಡು ಮುಗಿದು ಅವರ ಭಾಷಣ ಶುರುವಾಯಿತು. ಮನೆಯಲ್ಲಿ ನಾನೂ ಅದನ್ನು ಕೇಳಿಸಿಕೊಂಡೆ: "ಗಜರಾಜನು ನಮ್ಮ ಸಂಸ್ಕೃತಿಯ ಹೆಮ್ಮೆ." ಆನೆ ಎಲ್ಲಿದೆ ಎಂಬ ಮಾತು ಬರಲಿಲ್ಲ. ಆ ಹೆಂಗಸು ಕುಡುಗೋಲು ಎತ್ತಿಕೊಂಡು ಹೊರಟಳು.

ಅದೇ ವಾರ ಅಧ್ಯಕ್ಷರು ಹಣ್ಣಿನ ಬುಟ್ಟಿ, ರೆಕಾರ್ಡರ್ ಎರಡನ್ನೂ ಹಿಡಿದು ಆಸ್ಪತ್ರೆಗೆ ಬಂದರು. ನಾನೂ ಉದ್ಘೋಷಕಿಯೂ ಆಗಲೇ ಅಲ್ಲಿದ್ದೆವು. ನಡೆದದ್ದನ್ನೆಲ್ಲ ಉದ್ಘೋಷಕಿ ಆ ಹೆಂಗಸಿಗೆ ಹೇಳಿ, ಅತ್ತು ಮುಗಿಸಿದ್ದಳು.

"ನಿಮ್ಮ ಅನುಭವ ಹಂಚಿಕೊಳ್ಳಿ ತಾಯಿ, ಜಾಗೃತಿಗೆ ಒಳ್ಳೇದು" ಎಂದರು ಅಧ್ಯಕ್ಷರು.

ಅವಳು ರೆಕಾರ್ಡರ್ ನೋಡಿದಳು. "ಇದು ಸುದ್ದಿ ಆಗಕಿಲ್ವಾ ಸ್ವಾಮಿ?"

"ಇಲ್ಲ ಇಲ್ಲ, ಇದು ಕಾರ್ಯಕ್ರಮ."

"ಅಂಗಾದ್ರೆ ಆ ಆನೇನೇ ಕರ್ಸಿ ಮಾತಾಡ್ಸಿ. ಅದ್ಕೂ ಅನುಭವ ಐತೆ." ಗೋಡೆಯ ಕಡೆ ಮುಖ ತಿರುಗಿಸಿ ಉದ್ಘೋಷಕಿಗೆ ಹೇಳಿದಳು: "ಲೇ ಮಗ, ಹಣ್ಣು ನೀನೇ ತಿನ್ನು."

ಅಧ್ಯಕ್ಷರು ಬುಟ್ಟಿಯ ಜೊತೆ ಫೋಟೊ ತೆಗೆಸಿಕೊಂಡರು. ಅದು ಕೇಂದ್ರದ ಗೋಡೆಯ ಮೇಲಿದೆ. ಹಾಸಿಗೆಯಲ್ಲಿರುವವಳ ತುರುಬಷ್ಟೇ ಕಾಣುತ್ತದೆ.

ಆ ಸಲದ ಹುಳವನ್ನು ಅಕ್ಕಪಕ್ಕದ ಮನೆಯವರು ಸೊಪ್ಪು ತಂದು ಹಾಕಿ ಗೂಡಿಗೆ ಬಿಟ್ಟರು. ಉದ್ಘೋಷಕಿ ಕೆಲಸ ಬಿಟ್ಟಳು, ನಾನೂ ಬಿಟ್ಟೆ. ಆನೆ ಮಾತು ಬಾನುಲಿಗೆ ಮರಳಿಲ್ಲ. ವಾಚರ್ ಈಗ ಆ ಹೆಂಗಸಿನ ಊರಿನ ಹಾಲಿನ ಡೈರಿಗೆ ಫೋನ್ ಮಾಡುತ್ತಾನೆ. ಆನೆ ಇದ್ದರೂ ಇಲ್ಲದಿದ್ದರೂ ಡೈರಿಯವರು ಮೈಕಿನಲ್ಲಿ ಹೇಳುತ್ತಾರೆ. ಅವಳು ಕೋಲೂರಿ ನಡೆಯುತ್ತಾಳೆ. ಮೊನ್ನೆ ಗುರುವಾರ ಕರೆಂಟ್ ಇರಲಿಲ್ಲ, ಮೈಕ್ ಮಾತಾಡಲಿಲ್ಲ. ಬಿಸಿಲೇರುವವರೆಗೆ ಅವಳು ಹುಳುಮನೆಯ ಬಾಗಿಲಲ್ಲೇ ಕೂತಿದ್ದಳು.