ಅಕ್ಕನ ಇಪ್ಪತ್ಮೂರು ಫೈಲುಗಳು

ಸೊರಬದಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕ ಕೊನೆಯ ಇಪ್ಪತ್ಮೂರು ದಿನ ಲ್ಯಾಪ್‌ಟಾಪಿನಲ್ಲಿ ದಿನಕ್ಕೊಂದು ಪುಟ್ಟ ಟೆಕ್ಸ್ಟ್ ಫೈಲು ಬರೆದಿಟ್ಟಿದ್ದಳು. ಅವುಗಳ ಹೆಸರು ದಿನ1, ದಿನ2, ಹೀಗೆ. ಅವಳು ಹೋದ ಮೇಲೆ ಒಂದೊಂದನ್ನೇ ತೆರೆಯುವ ಧೈರ್ಯ ನನಗಾಗಲಿಲ್ಲ. ಶಿಕಾರಿಪುರದಲ್ಲಿ ನಾನು ಕಲಿಯಲು ಹೋಗುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ, ಫೋಲ್ಡರಿನ ಫೈಲುಗಳನ್ನೆಲ್ಲ ಓದಿ ಒಂದೇ ಪಟ್ಟಿಗೆ ತುಂಬುವ ಪ್ರೋಗ್ರಾಂ ಬರೆದೆ. ಒಮ್ಮೆಗೇ ಓದಿ ಮುಗಿಸಿಬಿಡಬೇಕು ಅನ್ನಿಸಿತ್ತು.

ಪರದೆಯ ಮೇಲೆ ಸಾಲುಗಳು ಸರಸರನೆ ಓಡಿದವು. ಪಟ್ಟಿಯ ಕೊನೆಯಲ್ಲಿ ಹೀಗಿತ್ತು: "ತಮ್ಮ ಇವತ್ತೂ ಬರಲಿಲ್ಲ."

ಎದ್ದು ಬಾಗಿಲಿಗೆ ಹೋದೆ, ವಾಪಸ್ ಬಂದೆ, ಮತ್ತೆ ಹೋದೆ. ಅವಳ ಕೊನೆಯ ದಿನ ನಾನು ಹಾಸಿಗೆಯ ಪಕ್ಕದಲ್ಲೇ ಕೂತಿದ್ದೆ. ಅವಳಿಗೆ ಅದು ಗೊತ್ತೇ ಆಗಲಿಲ್ಲವೇ?

"ಏನ್ರೀ ಸರ್, ಕ್ಲಾಸಲ್ಲಿ ವಾಕಿಂಗಾ?" ಎನ್ನುತ್ತ ಬಂದ ಕ್ಲಾಸಿನ ಮೇಡಂಗೆ ಅಕ್ಕನ ವಿಷಯ ಗೊತ್ತಿತ್ತು. ಪರದೆಗೆ ಬಗ್ಗಿ, ಸಾಲಿನ ಪಕ್ಕದ ಫೈಲಿನ ಹೆಸರು ನೋಡಿ ದನಿ ತಗ್ಗಿಸಿದರು. "ಇದು ದಿನ9 ಕಣ್ರೀ, ಕೊನೇದಲ್ಲ. ಹೆಸರಲ್ಲಿರೋ ಅಂಕಿನ ಕಂಪ್ಯೂಟರ್ ಅಕ್ಷರದ ಥರ ಜೋಡಿಸಿದೆ, ಮೊದಲ ಅಂಕಿ 2 ಅಂತ 23 ಮೊದಲು ಬಂದು 9 ಆಮೇಲೆ ಬಂದಿದೆ. ನಿಮ್ಮಕ್ಕ 01, 02 ಅಂತ ಇಟ್ಟಿದ್ರೆ ಈ ಗೋಳಿರ್ತಿರಲಿಲ್ಲ."

ಸಂಖ್ಯೆಯ ಪ್ರಕಾರ ಜೋಡಿಸಲು ಒಂದು ಸಾಲು ತಿದ್ದಿಸಿದರು. ಈಗ ಕೊನೆಯಲ್ಲಿ ದಿನ23 ಬಂತು: "ತಮ್ಮ ಬಂದಿದ್ದಾನೆ. ತಂದ ಮಂಡಕ್ಕಿ ಮೆತ್ತಗಾಗಿದೆ. ಹೇಳಿದರೆ ಬೇಜಾರಾಗ್ತಾನೆ ಅಂತ ತಿಂದೆ."

ನಾನು ಕೂತೆ. ಮೇಜಿನ ಕೆಳಗೆ ಕಾಲು ಮಾತ್ರ ಅಲುಗುತ್ತಲೇ ಇತ್ತು.