ಬಾಯ್ಲರಿಗೆ ಒಂದು ಸೌಟು ಶೇಂಗಾ ಎಣ್ಣೆ

ಆಸ್ಟಿನ್‌ನಲ್ಲಿ ಮೊನ್ನೆ ಈ ವರ್ಷದ ಮೊದಲ ಚಳಿ ಬಿತ್ತು. ಅಪಾರ್ಟ್‌ಮೆಂಟಿನ ಹೀಟರ್ ಹಾಕಿದ್ದೇ ತಡ, ಬೇಸಿಗೆಯಿಡೀ ಅದರೊಳಗೆ ಕೂತಿದ್ದ ಧೂಳು ಸುಟ್ಟು ವಾಸನೆ ಗಪ್ಪೆಂದು ಬಡಿಯಿತು. ನನ್ನ ರೂಮ್‌ಮೇಟ್ ಪಾಸ್‌ಪೋರ್ಟ್ ಹಿಡಿದುಕೊಂಡು ಬಾಲ್ಕನಿಗೆ ಓಡಿದಳು. ನಾನು ಸೋಫಾದಿಂದ ಏಳಲೂ ಇಲ್ಲ. "ಬರೀ ಧೂಳು ಕಣೇ, ಒಳಗೆ ಬಾ" ಎಂದೆ. ಮನೆ ಬಿಸಿಮಾಡುವ ಯಂತ್ರಗಳ ವಿಷಯದಲ್ಲಿ ನಾನು ಸಾಮಾನ್ಯಳಲ್ಲ. ಅದು ಹೇಗೆ ಎಂದು ನೀವು ಕೇಳಲಿಕ್ಕಿಲ್ಲ, ಆದರೂ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಡಲ್ಲಾಸ್‌ನ ಹಳೇ ಬಡಾವಣೆಯಲ್ಲಿ ಒಂದು ಮುದಿ ಮನೆ ಕೊಂಡ. ಗುರುತಿನವರೆಲ್ಲ ಕ್ಯಾರಲ್ಟನ್ ಕಡೆ, ಕೂಗಿದರೆ ಕೊತ್ತಂಬರಿ ಸೊಪ್ಪು ತಾನೇ ನಡೆದು ಬರುವಷ್ಟು ಅಂಗಡಿಗಳಿರುವಲ್ಲಿ, ಹೊಸ ಮನೆಗಳಲ್ಲಿ ಸುಖವಾಗಿದ್ದರು. ಅಪ್ಪನಿಗೆ ಮಾತ್ರ 'ಕ್ಯಾರೆಕ್ಟರ್' ಇರುವ ಮನೆ ಬೇಕಿತ್ತು. ಸಿಕ್ಕಿತು. ಬಾಗಿಲು ಮುಚ್ಚುತ್ತಿರಲಿಲ್ಲ, ಕಿಟಕಿ ತೆರೆಯುತ್ತಿರಲಿಲ್ಲ, ನೆಲಮಾಳಿಗೆಯಲ್ಲಿ ಆನೆಮರಿಯಷ್ಟು ದೊಡ್ಡ ಸ್ಟೀಮ್ ಬಾಯ್ಲರ್ ಒಂದು ಮಲಗಿತ್ತು. ಗ್ಯಾಸ್ ಬರ್ನರ್ ಅದರ ನೀರು ಕಾಯಿಸುತ್ತದೆ. ಹಬೆ ಪೈಪು ಹತ್ತಿ ಕೋಣೆಕೋಣೆಯ ಕಬ್ಬಿಣದ ರೇಡಿಯೇಟರುಗಳನ್ನು ಬಿಸಿಮಾಡುತ್ತದೆ. ಟೆಕ್ಸಾಸ್‌ನಲ್ಲಿ ಇದೆಷ್ಟು ಅಪರೂಪವೆಂದರೆ, ನೋಡಲು ಬಂದ ಪ್ಲಂಬರ್ ಅದರ ಜೊತೆ ಸೆಲ್ಫಿ ತೆಗೆದುಕೊಂಡು, ಒಳ್ಳೆಯದಾಗಲಿ ಎಂದು ಹಾರೈಸಿ ಹೋದ.

ಆ ಚಳಿಗಾಲಕ್ಕೆ ಹುಬ್ಬಳ್ಳಿಯಿಂದ ಅಜ್ಜಿ ಬಂದಳು. ಅಮೆರಿಕಕ್ಕೆ ಬಂದಾಗಲೆಲ್ಲ ಅವಳು ಇಳಿದುಕೊಳ್ಳುತ್ತಿದ್ದುದು ದಕ್ಷಿಣಕ್ಕಿರುವ ಪೇರ್ಲ್ಯಾಂಡ್‌ನ ಚಿಕ್ಕಪ್ಪನ ಮನೆಯಲ್ಲಿ. ಅಲ್ಲಿ ಗುಡಿ ಹತ್ತಿರ, ಚಳಿ ದೂರ. ಅಪ್ಪ ಹಿರಿಯ ಮಗ. ಪ್ರತಿಸಲವೂ ಕರೆದು ಕರೆದು ಸುಸ್ತಾಗಿದ್ದ. ಈ ಸಲ ಅವಳು ಒಪ್ಪಿದ್ದಳು, ಒಂದು ಷರತ್ತಿನ ಮೇಲೆ: "ಮೊಣಕಾಲಿಗೆ ಥಂಡಿ ಹತ್ತಿದ್ರ ಸಣ್ಣಾಂವನ ಮನಿಗೆ ಹೊಂಟ್ನಿ ನೋಡು." ಪಾಪ ಅಪ್ಪ, ಅಜ್ಜಿಯ ಕೋಣೆಗೆ ಬಣ್ಣ ಬಳಿದು, ಇಷ್ಟವಾಗದೆ ಅಳಿಸಿ, ಮತ್ತೆ ಬಳಿದ. ಅಷ್ಟು ಶ್ರದ್ಧೆಯನ್ನು ಅವನು ನನ್ನ ಹುಟ್ಟುಹಬ್ಬಕ್ಕೂ ತೋರಿಸಿದವನಲ್ಲ.

ಬಾಯ್ಲರ್ ಇದನ್ನೆಲ್ಲ ಕದ್ದು ಕೇಳಿಸಿಕೊಂಡಿರಬೇಕು. ಅಜ್ಜಿ ಬಂದ ವಾರವೇ ಬರ್ನರ್ ಹತ್ತುವುದು, ಆರುವುದು, ಮತ್ತೆ ಹತ್ತುವುದು ಶುರುವಾಯಿತು. ನಾನು ವೀಡಿಯೊಗಳನ್ನೆಲ್ಲ ನೋಡಿ ವಿದುಷಿಯಾದೆ. ಬಾಯ್ಲರಿನ ಪಕ್ಕದಲ್ಲಿ ನೀರಿನ ಮಟ್ಟ ತೋರಿಸುವ ಒಂದು ಗಾಜಿನ ಕೊಳವೆ ಇರುತ್ತದೆ. ನೀರು ತೀರಾ ಇಳಿದರೆ ಒಂದು ಸ್ವಿಚ್ಚು ಬೆಂಕಿಯನ್ನು ಆರಿಸಿಬಿಡುತ್ತದೆ. ನಮ್ಮ ಬಾಯ್ಲರಿನ ನೀರು ಕೊಳಕಾಗಿ ಕುಪ್ಪಳಿಸುತ್ತಿತ್ತು. ಕೆಳಗಿಳಿದಾಗಲೆಲ್ಲ ಸ್ವಿಚ್ಚು ಹೆದರಿ ಬೆಂಕಿ ಆರಿಸುತ್ತಿತ್ತು. ನಾನು ಹೇಳಿದಂತೆ ಅಪ್ಪ ತುಕ್ಕುನೀರು ತೆಗೆದು ಹೊಸನೀರು ತುಂಬಿದ. ಬರ್ನರ್ ಸುಮಾರಾಗಿ ದಾರಿಗೆ ಬಂತು. ನಾನು ಸ್ಕೂಲಿನಲ್ಲಿ ಇದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಶುಕ್ರವಾರ ಮನೆಗೆ ಬಂದರೆ, ಕೆಳಗೆ ಹತ್ತಿದ ಬರ್ನರ್ ಕಣ್ಣು ಮಿಟುಕಿಸುವಷ್ಟರಲ್ಲಿ ಆರುವ ಸದ್ದು! ಜೊತೆಗೆ ಮನೆತುಂಬ ಮಿರ್ಚಿ ಭಜಿಯ ವಾಸನೆ. ಬ್ಯಾಗು ಎಸೆದು ಅಡುಗೆಮನೆಗೆ ಓಡಿದೆ. ಭಜಿ ಇರಲಿಲ್ಲ. ಹಾಲ್‌ನ ರೇಡಿಯೇಟರಿಗೆ ಮೂಗು ಹಚ್ಚಿದೆ. ಭಜಿ ಅಲ್ಲಿತ್ತು.

ನೆಲಮಾಳಿಗೆಯಲ್ಲಿ ಅಪ್ಪ ಕುಕ್ಕರುಗಾಲಲ್ಲಿ ಕೂತಿದ್ದ.

"ಅಪ್ಪಾ, ಇದರೊಳಗೆ ಏನು ಹಾಕಿದೆ?"

"ಏನಿಲ್ಲ."

"ಅಪ್ಪಾ..."

"ಒಂದು ಸೌಟು ಶೇಂಗಾ ಎಣ್ಣಿ."

ಮಧ್ಯಾಹ್ನ ಅಜ್ಜಿ ಮೆಲ್ಲಗೆ ಇಳಿದು ಬಂದು, ಗಾಜಿನೊಳಗೆ ಕುಣಿಯುವ ನೀರು ನೋಡಿ, "ಬ್ಯಾಳಿ ಉಕ್ಕಿದಂಗ ಉಕ್ಕಾಕತ್ತೈತಲ್ಲೋ! ಒಂದು ಸೌಟು ಎಣ್ಣಿ ಬಿಡು, ಸುಮ್ಮನಾಕ್ಕೈತಿ" ಎಂದಿದ್ದಳಂತೆ. ಬೇಳೆ ಸುಮ್ಮನಾಗುತ್ತದೆ, ನಿಜ. ಬಾಯ್ಲರ್ ಬೇಳೆಯಲ್ಲ. ಅಲ್ಲಿ ಎಣ್ಣೆ ನೀರಿನ ಮೇಲೆ ಕೆನೆಗಟ್ಟುತ್ತದೆ. ಹಬೆ ದಾರಿ ಸಿಗದೆ ನೀರನ್ನೇ ಹೊತ್ತುಕೊಂಡು ಮೇಲೇಳುತ್ತದೆ, ಕೊಳವೆಯ ಮಟ್ಟ ಇಳಿಯುತ್ತದೆ, ಸ್ವಿಚ್ಚು ಮತ್ತೆ ಹೆದರುತ್ತದೆ.

"ನೀನು ಇಂಜಿನಿಯರ್ ಅಲ್ವಾ?"

"ಅವ್ವ ಹೇಳಿದ್ಲು" ಎಂದ ಅಪ್ಪ. ರಿಚರ್ಡ್‌ಸನ್‌ನ ದೊಡ್ಡ ಕಂಪನಿಯಲ್ಲಿ ಇವನ ಕೈಕೆಳಗೆ ಜನ ಕೆಲಸ ಮಾಡುತ್ತಾರೆ, ನೆನಪಿರಲಿ.

ಇದಕ್ಕೆ ಮದ್ದು ಒಂದೇ. ಬಾಯ್ಲರಿನ ಮೇಲ್ಭಾಗದ ತೂತು ತೆರೆದು, ನಿಧಾನಕ್ಕೆ ನೀರು ತುಂಬುತ್ತ, ತೇಲಿದ ಎಣ್ಣೆಯನ್ನು ಹಾಲಿನ ಕೆನೆಯಂತೆ ಹೊರಕ್ಕೆ ಹರಿಸಬೇಕು. ಅವಸರ ಮಾಡಿದರೆ ಕೆಟ್ಟಿತು. ಶನಿವಾರ ಬೆಳಿಗ್ಗೆ ಇನ್ನೂ ಹರಿಸುತ್ತಲೇ ಇದ್ದೆವು. ಮನೆ ತಣ್ಣಗೆ ಕೊರೆಯುತ್ತಿತ್ತು. ಆಗ ಪೇರ್ಲ್ಯಾಂಡಿನಿಂದ ಮನೆ ತಣ್ಣಗಾದ ಸುದ್ದಿ ಕೇಳಿ ಚಿಕ್ಕಪ್ಪ ಬಂದಿಳಿದ, ಚಡ್ಡಿಯಲ್ಲಿ.

"ಅಣ್ಣಾ, ಮನಿ ಕೊಂಡೀಯೋ ಫ್ರಿಜ್ ಕೊಂಡೀಯೋ?" ಎನ್ನುತ್ತ ಕೆಳಗಿಳಿದವನು ಬಕೆಟ್ಟು ನೋಡಿದ. "ಎಣ್ಣಿ? ಯಾವ ಶಾಣ್ಯಾ ಹಾಕಿದ್ದು?"

ಮೆಟ್ಟಿಲ ಮೇಲೆ ಕೂತ ಅಜ್ಜಿ ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು. ನಾನು ಬಾಯಿ ತೆರೆದೆ. ಇಂಥ ಕಥೆ ನನಗೆ ವರ್ಷಕ್ಕೊಮ್ಮೆಯೂ ಸಿಗುವುದಿಲ್ಲ. ಅಷ್ಟರಲ್ಲಿ ಅಪ್ಪ, "ನಾನ ಹಾಕಿದ್ದು. ತಲಿ ಕೆಟ್ಟಿತ್ತು" ಎಂದುಬಿಟ್ಟ.

ಚಿಕ್ಕಪ್ಪ ಗೋಡೆ ಹಿಡಿದುಕೊಂಡು ನಕ್ಕ. "ನಡಿ ಅವ್ವಾ. ನಮ್ಮ ಮನ್ಯಾಗ ಫೋನ್ ಒತ್ತಿದ್ರ ಸಾಕು, ಬೆಚ್ಚಗಾಗ್ತೈತಿ."

ಅಪ್ಪ ಮೇಲೆ ಹೋಗಿ ಅಜ್ಜಿಯ ಚೀಲವನ್ನು ತಾನೇ ಎತ್ತಿಕೊಂಡು ಬಂದ. ಅವನ ಮುಖದ ಬಗ್ಗೆ ನಾನು ಜೋಕು ಮಾಡಬಹುದಿತ್ತು. ಮಾಡಲಿಲ್ಲ.

"ಚೀಲ ಇಡು" ಎಂದಳು ಅಜ್ಜಿ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ಎಣ್ಣಿ ಬಿಡು ಅಂದಾಕಿ ನಾನು. ನಿನ್ನ ಮನ್ಯಾಗ ಒಂದು ಫ್ಯಾನ್ ಆರಿಸು ಅಂದ್ರೂ 'ನಿಂಗ ತಿಳ್ಯಂಗಿಲ್ಲ, ಸುಮ್ಮನ ಕುಂದರು ಅವ್ವಾ' ಅಂತೀರಿ. ಇಂವ ಇಷ್ಟು ಕಲ್ತಾಂವ, ಎಣ್ಣಿ ಬಿಡು ಅಂದ್ರ ಬಿಟ್ಟ."

"ಬಿಟ್ಟು ಕೆಡಿಸಿದ್ನಲ್ಲ ಅವ್ವಾ!"

"ಕೆಟ್ಟಿದ್ದು ಸರಿ ಮಾಡ್ಕೋಬಹುದು. ನಾ ಇಲ್ಲೇ ಇರಾಕಿ. ನೀ ಬಕೆಟ್ ಹಿಡಿ."

ಚಿಕ್ಕಪ್ಪ ಚಡ್ಡಿಯಲ್ಲೇ ಬಕೆಟ್ಟು ಹಿಡಿದ. ಸಂಜೆಯ ಹೊತ್ತಿಗೆ ಗಾಜಿನಲ್ಲಿ ನೀರು ಸದ್ದಿಲ್ಲದೆ ನಿಂತಿತು. ಬರ್ನರ್ ಹತ್ತಿತು, ಹತ್ತಿಯೇ ಇತ್ತು. ಊಟಕ್ಕೆ ಎಷ್ಟು ಕೂಗಿದರೂ ಅಪ್ಪ ಆ ನೀಲಿ ಬೆಂಕಿಯ ಎದುರಿನಿಂದ ಏಳಲಿಲ್ಲ.

ಅಜ್ಜಿ ಈ ಚಳಿಗಾಲವೂ ಡಲ್ಲಾಸ್‌ನಲ್ಲಿದ್ದಾಳೆ. ಇವತ್ತು ಬೆಳಿಗ್ಗೆ ವೀಡಿಯೊ ಕಾಲ್ ಮಾಡಿ, "ಥಂಡಿ ಕಿವ್ಯಾಗಿಂದ ಒಳಗ ಹೊಕ್ಕತೈತಿ, ಹತ್ತಿ ಇಟ್ಕೊಂಡು ಕಾಲೇಜಿಗೆ ಹೋಗು" ಎಂದಳು. ಮೊದಲಾಗಿದ್ದರೆ ಹೂಂ ಎಂದು ಫೋನಿಟ್ಟು, ನಕ್ಕು, ಮರೆತುಬಿಡುತ್ತಿದ್ದೆ. ಇವತ್ತು ರೂಮ್‌ಮೇಟ್‌ನ ಮೇಕಪ್ ಡಬ್ಬಿಯಿಂದ ಹತ್ತಿ ಕದ್ದು ಎರಡೂ ಕಿವಿಗೆ ತುರುಕಿಕೊಂಡು, ಕ್ಯಾಮೆರಾದ ಮುಂದೆ ತಲೆ ಆ ಕಡೆ ಈ ಕಡೆ ತಿರುಗಿಸಿ ತೋರಿಸಿದೆ. ಅಜ್ಜಿಯ ಮುಖ ಅಗಲವಾಯಿತು. ಇನ್ನೂ ಏನೇನೋ ಹೇಳತೊಡಗಿದಳು. ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಆಗಲಿ ಅಜ್ಜಿ, ಹಾಗೇ ಮಾಡುತ್ತೇನೆ ಎಂದೆ.